ಹೆಸರು ಒಂದು, ಬೇರು ಇನ್ನೊಂದು: ಬ್ರಸೆಲ್ಸ್‌ನ ಚೀನೀ ಮೂಲಿಕೆ ಪ್ರಕರಣ

1992ರಲ್ಲಿ ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್‌ನ ಮೂತ್ರಪಿಂಡ ತಜ್ಞರು ಒಂದೇ ಬಗೆಯ ಕಾಯಿಲೆಯ ಇಬ್ಬರು ರೋಗಿಗಳನ್ನು ಕಂಡರು. ಇಬ್ಬರೂ ಮಹಿಳೆಯರು, ಇಬ್ಬರಿಗೂ ಇನ್ನೂ ಐವತ್ತು ತುಂಬಿರಲಿಲ್ಲ, ಇಬ್ಬರ ಮೂತ್ರಪಿಂಡಗಳೂ ಬಹಳ ಬೇಗ ಸೋಲುತ್ತಿದ್ದವು. ಈ ವಯಸ್ಸಿನಲ್ಲಿ ಮೂತ್ರಪಿಂಡ ಕೆಟ್ಟರೆ ಸಕ್ಕರೆ ಕಾಯಿಲೆ, ಹತೋಟಿ ತಪ್ಪಿದ ರಕ್ತದೊತ್ತಡ, ಹುಟ್ಟಿನಿಂದ ಬಂದ ದೋಷ, ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆ ಮುಂತಾದ ಪರಿಚಿತ ಕಾರಣಗಳನ್ನು ವೈದ್ಯರು ಒಂದೊಂದಾಗಿ ಪರಿಶೀಲಿಸುತ್ತಾ ಹೋಗುತ್ತಾರೆ. ಇವರಿಬ್ಬರಿಗೂ ಹೊಂದುವಂತಿದ್ದ ಸಂಗತಿ ಒಂದೇ ಆಗಿತ್ತು: ಇಬ್ಬರೂ ನಗರದ ಒಂದೇ ಚಿಕಿತ್ಸಾಲಯದಲ್ಲಿ ತೂಕ ಇಳಿಸಿಕೊಳ್ಳುವ ಔಷಧ ಪಡೆದಿದ್ದರು.

ಚೀನೀ ಮೂಲಿಕೆ ಔಷಧವನ್ನೋ ಸೂಜಿ ಚುಚ್ಚುವ ಅಕ್ಯುಪಂಕ್ಚರನ್ನೋ ಮೊದಲ ಬಾರಿಗೆ ಪ್ರಯತ್ನಿಸಿ ನೋಡಬೇಕೆಂದು ಯೋಚಿಸುತ್ತಿರುವವರು ಈ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆಯವರೆಗೆ ತಿಳಿದುಕೊಳ್ಳುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ. ಚೀನೀ ವೈದ್ಯ ಪದ್ಧತಿಯೇ ಕೆಟ್ಟದ್ದೆಂದು ತೋರಿಸುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಚೀಟಿಯಲ್ಲಿ ಬರೆದ ಮೂಲಿಕೆಯ ಹೆಸರಿಗೂ ರೋಗಿಯ ಹೊಟ್ಟೆ ಸೇರಿದ ಬೇರಿಗೂ ನಡುವೆ ಎಷ್ಟು ಅಂತರ ಇರಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ದಾಖಲಿಸಿದ ಇನ್ನೊಂದು ಘಟನೆ ವೈದ್ಯಕೀಯ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಗುಳಿಗೆಯಲ್ಲಿ ಏನಿತ್ತು

ಆ ಚಿಕಿತ್ಸಾಲಯ ಹೊಸದಾಗಿರಲಿಲ್ಲ. ಸುಮಾರು 15 ವರ್ಷಗಳಿಂದ ಅದು ತೂಕ ಇಳಿಸುವ ಚಿಕಿತ್ಸೆಯನ್ನೇ ನೀಡುತ್ತಿತ್ತು, ಅಷ್ಟು ಕಾಲವೂ ಮೂತ್ರಪಿಂಡದ ತೊಂದರೆಯ ದೂರು ಬಂದಿರಲಿಲ್ಲ. 1990ರ ಮೇ ತಿಂಗಳಲ್ಲಿ ಗುಳಿಗೆಯ ಸೂತ್ರವನ್ನು ಬದಲಿಸಿ ಎರಡು ಚೀನೀ ಮೂಲಿಕೆಗಳ ಪುಡಿಯನ್ನು ಸೇರಿಸಲಾಯಿತು. ಒಂದು ಸ್ಟೆಫಾನಿಯಾ ಟೆಟ್ರಾಂಡ್ರಾ ಎಂಬ ಬಳ್ಳಿಯ ಬೇರು, ಇನ್ನೊಂದು ಮ್ಯಾಗ್ನೋಲಿಯಾ ಅಫಿಸಿನಾಲಿಸ್ ಎಂಬ ಮರದ ತೊಗಟೆ. ಇವುಗಳ ಜೊತೆಗೆ ಹಸಿವನ್ನು ಅಡಗಿಸುವ ಫೆನ್‌ಫ್ಲುರಮಿನ್ ಮತ್ತು ಡೈಈಥೈಲ್‌ಪ್ರೊಪಿಯಾನ್, ಮೂತ್ರ ಹೆಚ್ಚಿಸುವ ಅಸೆಟಜೋಲಮೈಡ್, ಭೇದಿಗೆ ಕ್ಯಾಸ್ಕರಾ, ಬೆಲಡೋನಾ ಸಾರ ಇವೆಲ್ಲವೂ ಇದ್ದವು. ಮೊದಲ ಎರಡು ಸಾಲನ್ನಷ್ಟೇ ಓದಿದವರಿಗೆ ಇದು ಚೀನೀ ಔಷಧದಂತೆ ಕಾಣುತ್ತದೆ, ಉಳಿದ ಸಾಲುಗಳನ್ನು ಓದಿದವರಿಗೆ ಇಂಗ್ಲಿಷ್ ಔಷಧದ ಕಷಾಯದಂತೆ ಕಾಣುತ್ತದೆ. ಬರೆದುಕೊಟ್ಟವರು ಆಧುನಿಕ ವೈದ್ಯರು. ನಾಡಿ ನೋಡಿ, ನಾಲಿಗೆ ನೋಡಿ, ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರಮಾಣದಲ್ಲಿ ಔಷಧ ಹೊಂದಿಸುವ ಚೀನೀ ವೈದ್ಯರ ಕ್ರಮಕ್ಕೂ ಇದಕ್ಕೂ ಸಂಬಂಧ ತೀರ ತೆಳುವಾಗಿತ್ತು. ಈ ಮಾತಿಗೆ ಮುಂದೆ ಮರಳಿ ಬರುತ್ತೇನೆ, ಏಕೆಂದರೆ ಪ್ರಕರಣದ ದೊಡ್ಡ ವಾದವೊಂದು ಇದನ್ನೇ ಹಿಡಿದು ನಡೆಯಿತು.

ವೈದ್ಯ ಜಾನ್-ಲೂಯಿ ವಾನ್‌ಹೆರ್ವೆಘೆಮ್ ಮತ್ತು ಅವರ ಸಹೋದ್ಯೋಗಿಗಳು ಇಬ್ಬರು ರೋಗಿಗಳಿಗೆ ನಿಲ್ಲದೆ ನಗರದ ಇತರ ಮೂತ್ರಪಿಂಡ ಚಿಕಿತ್ಸಾ ಕೇಂದ್ರಗಳ ಕಡತಗಳನ್ನು ತೆಗೆಸಿ ನೋಡಿದರು. ಐವತ್ತರೊಳಗಿನ, ಅದೇ ಚಿಕಿತ್ಸಾಲಯದ ಅದೇ ಔಷಧ ಸೇವಿಸಿದ್ದ, ಅದೇ ಬಗೆಯಲ್ಲಿ ಮೂತ್ರಪಿಂಡ ಕೆಟ್ಟಿದ್ದ ಇನ್ನೂ 7 ಮಹಿಳೆಯರು ಸಿಕ್ಕರು. ಒಟ್ಟು 9 ಮಂದಿಯ ಈ ವಿವರ 1993ರ ಫೆಬ್ರುವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲೇ, 1992ರ ಕೊನೆಯಲ್ಲಿ, ಬೆಲ್ಜಿಯಂ ಸರ್ಕಾರ ಆ ಎರಡು ಮೂಲಿಕೆಗಳ ಮಾರಾಟವನ್ನು ತಡೆದಿತ್ತು. ಒಬ್ಬೊಬ್ಬ ರೋಗಿಯನ್ನು ಒಂದೊಂದು ಆಸ್ಪತ್ರೆಯಲ್ಲಿ ಬಿಡಿಬಿಡಿಯಾಗಿ ನೋಡಿದ್ದ ವೈದ್ಯರಿಗೆ ಕಾರಣ ಹೊಳೆದಿರಲಿಲ್ಲ. ಎಲ್ಲರ ಕಡತಗಳನ್ನೂ ಒಂದೇ ಮೇಜಿನ ಮೇಲೆ ಹರಡಿ, 'ನೀವು ಬೇರೆ ಏನನ್ನಾದರೂ ತೆಗೆದುಕೊಳ್ಳುತ್ತಿದ್ದಿರಾ' ಎಂಬ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದಾಗ ಮಾತ್ರ ಅದು ಹೊಳೆಯಿತು. ಮನೆಮದ್ದು, ನಾಟಿ ಔಷಧ, ಸೊಪ್ಪು ಬೇರಿನ ಪುಡಿ ಇವನ್ನೆಲ್ಲ ಡಾಕ್ಟರ ಮುಂದೆ ಹೇಳುವುದು ಅನಗತ್ಯವೆಂದೋ, ಹೇಳಿದರೆ ಬೈಯುತ್ತಾರೆಂದೋ ಮುಚ್ಚಿಡುವ ನಮ್ಮ ರೂಢಿಯನ್ನು ಇಲ್ಲಿ ನೆನೆಯಬೇಕು.

ರೋಗ ನಡೆದ ಬಗೆ

ಈ ಕಾಯಿಲೆಯ ಲಕ್ಷಣಗಳು ಎದ್ದು ಕಾಣುವಂಥವಲ್ಲ. ರಕ್ತದೊತ್ತಡ ಮಾಮೂಲಾಗಿರುತ್ತದೆ, ಇಲ್ಲವೇ ಕೊಂಚವೇ ಏರಿರುತ್ತದೆ. ಕಾಲು ಊದುವುದು, ಮೂತ್ರದಲ್ಲಿ ರಕ್ತ ಕಾಣುವುದು ಮುಂತಾದ, ಜನರು ಮೂತ್ರಪಿಂಡದ ಕಾಯಿಲೆಯೆಂದು ಗುರುತಿಸುವ ಚಿಹ್ನೆಗಳು ಮೊದಮೊದಲು ಇರುವುದಿಲ್ಲ. ಮೂತ್ರಪಿಂಡ ಕೆಟ್ಟಿರುವ ಪ್ರಮಾಣಕ್ಕೆ ಮೀರಿದ ರಕ್ತಹೀನತೆ ಇರುತ್ತದೆ, ಅದರಿಂದ ಸುಸ್ತು ಇರುತ್ತದೆ. ಆದರೆ ತೂಕ ಇಳಿಸಿಕೊಳ್ಳುತ್ತಿರುವ, ಊಟ ಕಡಿಮೆ ಮಾಡಿರುವ ಹೆಂಗಸು ಸುಸ್ತೆಂದು ಹೇಳಿದರೆ ಯಾರಿಗೆ ಅನುಮಾನ ಬಂದೀತು? ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಎಷ್ಟಿದೆ ಎಂದು ನೋಡಿದಾಗಷ್ಟೇ ವಿಷಯ ಬಯಲಾಗುತ್ತದೆ.

ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಂಡ ನೋಟ ವಿಚಿತ್ರವಾಗಿತ್ತು. ಮೂತ್ರಪಿಂಡದಲ್ಲಿ ರಕ್ತ ಸೋಸುವ ಸಣ್ಣ ಗಂಟುಗಳಿವೆ, ಅವುಗಳಿಂದ ಇಳಿದು ಬಂದ ದ್ರವದಿಂದ ದೇಹಕ್ಕೆ ಬೇಕಾದದ್ದನ್ನು ಮರಳಿ ಹೀರಿಕೊಳ್ಳುವ ಸೂಕ್ಷ್ಮ ನಳಿಗೆಗಳಿವೆ. ಈ ರೋಗಿಗಳಲ್ಲಿ ಸೋಸುಗಂಟುಗಳು ಬಹುಮಟ್ಟಿಗೆ ಉಳಿದಿದ್ದವು. ನಳಿಗೆಗಳು ಸೊರಗಿ, ಅವುಗಳ ನಡುವಿನ ಜಾಗವೆಲ್ಲ ಗಾಯದ ಕಲೆಯಂತೆ ನಾರುಗಟ್ಟಿತ್ತು. ಉರಿಯೂತ ನಡೆದಿದ್ದರೆ ತುಂಬಿಕೊಂಡಿರಬೇಕಾದ ಬಿಳಿ ರಕ್ತಕಣಗಳು ಅಲ್ಲಿ ಬಹಳ ಕಡಿಮೆ. ಮೂತ್ರಪಿಂಡಗಳು ಕುಗ್ಗಿದ್ದವು, ಕೆಲವರಲ್ಲಿ ಒಂದಕ್ಕಿಂತ ಇನ್ನೊಂದು ಚಿಕ್ಕದಾಗಿತ್ತು.

ನಳಿಗೆಗಳು ಕೆಟ್ಟಿದ್ದರಿಂದ ರಕ್ತದಲ್ಲಿ ಸಕ್ಕರೆ ಸರಿಯಾಗಿದ್ದರೂ ಮೂತ್ರದಲ್ಲಿ ಸಕ್ಕರೆ ಕಾಣಿಸುವುದು, ಸಣ್ಣ ಗಾತ್ರದ ಪ್ರೋಟೀನುಗಳು ಮೂತ್ರದಲ್ಲಿ ಸೋರುವುದು ಈ ಕಾಯಿಲೆಯ ಗುರುತುಗಳಾದವು. ಸಾಮಾನ್ಯ ಮೂತ್ರ ಪರೀಕ್ಷೆಯ ಪಟ್ಟಿ ಮುಖ್ಯವಾಗಿ ಆಲ್ಬ್ಯುಮಿನ್ ಎಂಬ ದೊಡ್ಡ ಪ್ರೋಟೀನನ್ನು ಹಿಡಿಯುತ್ತದೆ, ಆದ್ದರಿಂದ ಈ ಸಣ್ಣ ಪ್ರೋಟೀನುಗಳು ಅದರ ಕಣ್ಣಿಗೆ ಬೀಳದೆ ಹೋಗಬಹುದು. ಮೂಲಿಕೆ ಸೇವಿಸುವವರು ಲ್ಯಾಬಿಗೆ ಹೋಗಿ 'ಯೂರಿನ್ ನಾರ್ಮಲ್' ಎಂದು ಬರೆಸಿಕೊಂಡು ಬಂದು ನಿಶ್ಚಿಂತರಾಗುವುದು ಈ ಕಾರಣಕ್ಕೆ ಸಾಲದು.

ಇನ್ನೂ ಕಳವಳಕಾರಿಯಾದದ್ದೆಂದರೆ ಗುಳಿಗೆ ನಿಲ್ಲಿಸಿದ ಮೇಲೂ ರೋಗ ನಿಲ್ಲಲಿಲ್ಲ. ಬಹಳ ಮಂದಿ ಡಯಾಲಿಸಿಸ್‌ಗೋ ಮೂತ್ರಪಿಂಡ ಕಸಿಗೋ ಬಂದು ಮುಟ್ಟಿದರು. 1990ರಿಂದ 1992ರ ನಡುವೆ ಆ ಮೂಲಿಕೆಗಳನ್ನು ಸೇವಿಸಿದವರು 1,500ಕ್ಕೂ ಹೆಚ್ಚು ಎಂದು ಅಂದಾಜಿದೆ. ಅವರಲ್ಲಿ ಮೂತ್ರಪಿಂಡ ಕೆಟ್ಟವರ ಸಂಖ್ಯೆ ವರ್ಷಗಳು ಕಳೆದಂತೆ ನೂರನ್ನು ದಾಟಿತು. ಅಂದರೆ ನೂರಕ್ಕೆ ಸುಮಾರು ಐದು ಮಂದಿ. ಇದೇ ಲೆಕ್ಕವನ್ನು ತಿರುಗಿಸಿ ಹೇಳಿದರೆ, ಅದೇ ಗುಳಿಗೆ ನುಂಗಿದ ಸುಮಾರು 95 ಮಂದಿ 'ನನಗೇನೂ ಆಗಲಿಲ್ಲ' ಎಂದು ನಿಜವನ್ನೇ ಹೇಳಬಲ್ಲವರಾಗಿದ್ದರು. ಪರಿಚಯದವರ ಅನುಭವವನ್ನು ನಂಬಿ ಔಷಧ ಆರಿಸಿಕೊಳ್ಳುವುದರಲ್ಲಿರುವ ತೊಡಕು ಇದೇ. ಹೇಳಿದವರು ಸುಳ್ಳು ಹೇಳಿರುವುದಿಲ್ಲ, ಕೇಳಿದವರಿಗೆ ಉಳಿದ ಐವರು ಸಿಕ್ಕಿರುವುದಿಲ್ಲ.

ಇಲ್ಲದಿರುವುದೇ ಸುಳಿವಾಯಿತು

ಮೊದಲಿಗೆ ಒಂದು ಒಗಟು ಎದುರಾಯಿತು. ಸ್ಟೆಫಾನಿಯಾದಿಂದಾಗಲಿ ಮ್ಯಾಗ್ನೋಲಿಯಾದಿಂದಾಗಲಿ ಮೂತ್ರಪಿಂಡ ಈ ರೀತಿ ಕೆಟ್ಟದ್ದು ವರದಿಯಾಗಿರಲಿಲ್ಲ. ಸ್ಟೆಫಾನಿಯಾ ಬೇರಿನಲ್ಲಿ ಟೆಟ್ರಾಂಡ್ರಿನ್ ಎಂಬ ಸಸ್ಯಕ್ಷಾರ ಇರುತ್ತದೆ, ಇರಲೇಬೇಕು. ಆದರೆ ಗುಳಿಗೆಯ ಪುಡಿಯನ್ನು ಪರೀಕ್ಷಿಸಿದಾಗ ಅದು ಸಿಗಲಿಲ್ಲ. ಹಾಗಾದರೆ ಸ್ಟೆಫಾನಿಯಾ ಎಂದು ಹೆಸರು ಬರೆದ ಡಬ್ಬಿಯಲ್ಲಿದ್ದದ್ದು ಏನು?

ಉತ್ತರ ಚೀನೀ ಹೆಸರಿನಲ್ಲೇ ಅಡಗಿತ್ತು. ಸ್ಟೆಫಾನಿಯಾ ಬೇರನ್ನು ಚೀನೀ ಔಷಧ ವ್ಯಾಪಾರದಲ್ಲಿ 'ಹಾನ್ ಫಾಂಗ್ ಜೀ' ಎನ್ನುತ್ತಾರೆ. ಅರಿಸ್ಟೊಲೋಕಿಯಾ ಫಾಂಗ್‌ಚಿ ಎಂಬ ಸಂಪೂರ್ಣ ಬೇರೆ ಕುಲದ ಬಳ್ಳಿಯ ಬೇರಿಗೆ 'ಗುವಾಂಗ್ ಫಾಂಗ್ ಜೀ' ಎಂಬ ಹೆಸರು. ವ್ಯವಹಾರದಲ್ಲಿ ಎರಡನ್ನೂ ಮೊಟಕಾಗಿ 'ಫಾಂಗ್ ಜೀ' ಎನ್ನುವುದು ರೂಢಿ, ಎರಡನ್ನೂ ನೀರಿಳಿಸಲು ಮತ್ತು ಕೀಲುನೋವಿಗೆ ಬಳಸುತ್ತಿದ್ದುದರಿಂದ ಒಂದರ ಬದಲು ಇನ್ನೊಂದನ್ನು ಕೊಡುವುದೂ ನಡೆಯುತ್ತಿತ್ತು. ಒಣಗಿಸಿ ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದ ಬೇರನ್ನು ಅನುಭವಿಗಳು ಗುರುತಿಸಬಲ್ಲರು, ಪುಡಿ ಮಾಡಿದ ಮೇಲೆ ಅವರಿಗೂ ಸಾಧ್ಯವಿಲ್ಲ. ಬೆಲ್ಜಿಯಂಗೆ ಬಂದದ್ದು ಪುಡಿ. 1994ರಲ್ಲಿ ಆ ಪುಡಿಯಲ್ಲಿ, ಅರಿಸ್ಟೊಲೋಕಿಯಾ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಎಂಬ ವಿಷ ಇರುವುದು ಖಚಿತವಾಗಿ, ವಿಷಯ ಬಗೆಹರಿಯಿತು.

ಅರಿಸ್ಟೊಲೋಕಿಯಾ ಎಂಬುದು ಗ್ರೀಕ್ ಮೂಲದ ಹೆಸರು, ಒಳ್ಳೆಯ ಹೆರಿಗೆ ಎಂಬ ಅರ್ಥದ್ದು. ಯುರೋಪಿನವರೂ ಪ್ರಾಚೀನ ಕಾಲದಿಂದ ಈ ಕುಲದ ಗಿಡಗಳನ್ನು ಹೆರಿಗೆಯ ಸಮಯದಲ್ಲಿ ಔಷಧವಾಗಿ ಬಳಸಿದವರೇ. ಸಾವಿರಾರು ವರ್ಷಗಳಿಂದ ಬಳಕೆಯಲ್ಲಿದೆ ಎಂಬ ಮಾತನ್ನು ಸುರಕ್ಷಿತವೆಂಬುದಕ್ಕೆ ಸಾಕ್ಷಿಯಾಗಿ ಮುಂದಿಡುವವರು ಇದನ್ನು ಗಮನಿಸಬೇಕು. ತಕ್ಷಣ ವಾಂತಿ ಭೇದಿ ಮಾಡಿಸುವ ಸೊಪ್ಪನ್ನು ಹಳೆಯ ಕಾಲದ ವೈದ್ಯರು ಒಂದೆರಡು ಬಾರಿಗೇ ಗುರುತಿಸಿ ದೂರ ಇಡಬಲ್ಲರು. ಸೇವಿಸಿ ಎರಡು ವರ್ಷಕ್ಕೆ ಮೂತ್ರಪಿಂಡ ಕೆಡಿಸಿ, ಹತ್ತು ವರ್ಷಕ್ಕೆ ಕ್ಯಾನ್ಸರ್ ತರುವ ಬೇರನ್ನು ಯಾವ ಅನುಭವಿ ವೈದ್ಯರೂ ಕೇವಲ ಅನುಭವದಿಂದ ಪತ್ತೆ ಮಾಡಲಾರರು. ಅವರ ಜ್ಞಾನದ ಬಗ್ಗೆ ಇದು ಆಕ್ಷೇಪವಲ್ಲ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ಅಷ್ಟು ವರ್ಷಗಳಿದ್ದರೆ ಬರಹದ ಲೆಕ್ಕವಿಲ್ಲದೆ ಎರಡನ್ನೂ ಜೋಡಿಸುವುದು ಯಾರಿಂದಲೂ ಆಗದು.

ಲೆಕ್ಕ ಇಟ್ಟವರು ಕೂಡ ಎಚ್ಚರಗೊಳ್ಳಲಿಲ್ಲ ಎಂಬುದು ಈ ಕಥೆಯ ಕಹಿ ಭಾಗ. ಬೆಲ್ಜಿಯಂನ ನೆರೆಯ ಪಶ್ಚಿಮ ಜರ್ಮನಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇರುವ ಔಷಧಗಳನ್ನು 1981ರಲ್ಲೇ ಮಾರುಕಟ್ಟೆಯಿಂದ ತೆಗೆಸಲಾಗಿತ್ತು. ಇಲಿಗಳಿಗೆ ಅದನ್ನು ತಿನ್ನಿಸಿದಾಗ ಕ್ಯಾನ್ಸರ್ ಬಂದದ್ದು ಅಲ್ಲಿ ಗೊತ್ತಾಗಿತ್ತು. ಗಡಿಯಾಚೆ ಒಂಬತ್ತು ವರ್ಷದ ಹಿಂದೆ ನಿಷೇಧವಾದ ವಸ್ತು ಗಡಿಯೀಚೆಗೆ ಬೇರೊಂದು ಗಿಡದ ಹೆಸರಿನಲ್ಲಿ, ಗುಳಿಗೆಯ ಹೊದಿಕೆಯೊಳಗೆ ಬಂದಿತ್ತು. ಇಲ್ಲಿ ಕಾನೂನು ಇರಲಿಲ್ಲವೆಂದಲ್ಲ, ಯಾವ ವಸ್ತುವಿಗೆ ಕಾನೂನು ಅನ್ವಯಿಸಬೇಕೋ ಆ ವಸ್ತು ಅಲ್ಲಿರುವುದೇ ಯಾರಿಗೂ ತಿಳಿದಿರಲಿಲ್ಲ.

ಎರಡನೆಯ ಹೊಡೆತ

ಡಯಾಲಿಸಿಸ್‌ನಲ್ಲಿದ್ದವರಿಗೆ, ಕಸಿ ಮಾಡಿಸಿಕೊಂಡವರಿಗೆ ಇದು ಇಲ್ಲಿಗೇ ಮುಗಿಯಲಿಲ್ಲ. ಕೆಲವರ ಮೂತ್ರನಾಳದಲ್ಲಿ ಕ್ಯಾನ್ಸರ್ ಕಾಣಿಸಿದ್ದರಿಂದ ಬ್ರಸೆಲ್ಸ್‌ನ ವೈದ್ಯರು, ಮೂತ್ರಪಿಂಡ ಸಂಪೂರ್ಣ ಸೋತಿರುವ ರೋಗಿಗಳಿಗೆ, ಹೇಗೂ ಕೆಲಸ ಮಾಡದ ಮೂತ್ರಪಿಂಡ ಮತ್ತು ಮೂತ್ರನಾಳಗಳನ್ನು ಮುಂಜಾಗ್ರತೆಯಾಗಿ ತೆಗೆಸಿಕೊಳ್ಳುವಂತೆ ಸಲಹೆ ಕೊಟ್ಟರು. 39 ಮಂದಿ ಒಪ್ಪಿದರು. ತೆಗೆದ ಅಂಗಗಳನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಸಿಕ್ಕಿತು. ಉಳಿದವರಲ್ಲಿ 19 ಮಂದಿಯ ಜೀವಕೋಶಗಳು ಕ್ಯಾನ್ಸರಿನ ಹಾದಿಯಲ್ಲಿ ಬದಲಾಗಿದ್ದವು. ಏನೂ ಬದಲಾವಣೆ ಇಲ್ಲದವರು ಇಬ್ಬರೇ. ಜೋಯೆಲ್ ನಾರ್ಟಿಯರ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು.

ಅದೇ ಅಧ್ಯಯನದಲ್ಲಿ ಪ್ರಮಾಣದ ಲೆಕ್ಕವೂ ಇತ್ತು. ಒಟ್ಟು 200 ಗ್ರಾಂಗಿಂತ ಹೆಚ್ಚು ಪುಡಿ ಸೇವಿಸಿದ್ದ 15 ಮಂದಿಯಲ್ಲಿ 10 ಮಂದಿಗೆ, ಅಷ್ಟು ಅಥವಾ ಅದಕ್ಕಿಂತ ಕಡಿಮೆ ಸೇವಿಸಿದ್ದ 24 ಮಂದಿಯಲ್ಲಿ 8 ಮಂದಿಗೆ ಕ್ಯಾನ್ಸರ್ ಇತ್ತು. 200 ಗ್ರಾಂ ಎಂದರೆ ಅಡುಗೆಮನೆಯ ಲೆಕ್ಕದಲ್ಲಿ ಒಂದು ಪೊಟ್ಟಣ ಸಾರಿನ ಪುಡಿ. ದಿನಕ್ಕೆ ಇಷ್ಟಿಷ್ಟಾಗಿ ವರ್ಷಪೂರ್ತಿ ಹೊಟ್ಟೆಗೆ ಹೋದ ಅಷ್ಟೇ ಪುಡಿ ಈ ಕೆಲಸ ಮಾಡಿತ್ತು.

ಇದು ಆಗುವುದು ಹೀಗೆ: ಅರಿಸ್ಟೊಲೋಕಿಕ್ ಆಮ್ಲವನ್ನು ಮೂತ್ರಪಿಂಡದ ನಳಿಗೆಯ ಜೀವಕೋಶಗಳು ಹೀರಿಕೊಳ್ಳುತ್ತವೆ. ಅಲ್ಲಿ ಅದು ಬದಲಾಗಿ ಜೀವಕೋಶದ ಡಿಎನ್‌ಎಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆ ಅಂಟು ವರ್ಷಗಳ ನಂತರವೂ ಹೋಗುವುದಿಲ್ಲ, ಔಷಧ ಬಿಟ್ಟು ಎಷ್ಟೋ ವರ್ಷವಾದ ರೋಗಿಗಳ ಮೂತ್ರಪಿಂಡದಲ್ಲಿ ಅದನ್ನು ಅಳೆದು ತೋರಿಸಲಾಗಿದೆ. ಡಿಎನ್‌ಎಯಲ್ಲಿ ಅದು ಉಂಟುಮಾಡುವ ಅಕ್ಷರದೋಷವೂ ಬೇರೆ ವಿಷಗಳು ಸಾಮಾನ್ಯವಾಗಿ ಉಂಟುಮಾಡದ ವಿಶಿಷ್ಟ ಬಗೆಯದು. ಆದ್ದರಿಂದ ಕ್ಯಾನ್ಸರ್ ಗಡ್ಡೆಯನ್ನು ಪರೀಕ್ಷಿಸಿ, ಇದರ ಹಿಂದೆ ಈ ಆಮ್ಲವಿದೆ ಎಂದು ಹೇಳಲು ಈಗ ಸಾಧ್ಯವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2002ರಲ್ಲಿ ಅರಿಸ್ಟೊಲೋಕಿಯಾ ಇರುವ ಮೂಲಿಕೆ ಔಷಧಗಳನ್ನು, ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ತಪ್ಪು ಯಾರದು ಎಂಬ ವಾದ

ಚೀನೀ ವೈದ್ಯದ ಪರವಾಗಿ ಮಾತಾಡಿದವರ ವಾದವನ್ನು ತಳ್ಳಿಹಾಕುವಂತಿಲ್ಲ. ಇದು ನಮ್ಮ ಪದ್ಧತಿಯೇ ಅಲ್ಲ, ನಮ್ಮಲ್ಲಿ ತೂಕ ಇಳಿಸಲು ಈ ಬೇರನ್ನು ತಿಂಗಳುಗಟ್ಟಲೆ ಕೊಡುವುದಿಲ್ಲ, ಕೊಟ್ಟರೂ ಬೇರೆ ಮೂಲಿಕೆಗಳ ಜೊತೆ ಕುದಿಸಿ ಕಷಾಯವಾಗಿ ಕೊಡುತ್ತೇವೆ, ಇವರು ಪುಡಿಯನ್ನು ಹಸಿವು ಕೊಲ್ಲುವ ಮಾತ್ರೆಗಳೊಂದಿಗೆ ಬೆರೆಸಿದ್ದಾರೆ ಎಂದು ಅವರು ಹೇಳಿದರು. ಇದರಲ್ಲಿ ಸತ್ಯವಿದೆ. 'ಚೀನೀ ಮೂಲಿಕೆಯ ಮೂತ್ರಪಿಂಡ ರೋಗ' ಎಂದು ಮೊದಲು ಕರೆದ ಕಾಯಿಲೆಯನ್ನು ಮುಂದೆ ವೈದ್ಯರೇ 'ಅರಿಸ್ಟೊಲೋಕಿಕ್ ಆಮ್ಲದ ಮೂತ್ರಪಿಂಡ ರೋಗ' ಎಂದು ಬದಲಿಸಿದ್ದಕ್ಕೆ ಇದೂ ಒಂದು ಕಾರಣ. ನೂರಾರು ಮೂಲಿಕೆಗಳಿರುವ ಒಂದು ಪದ್ಧತಿಯ ಮೇಲೆ ಒಂದು ಬೇರಿನ ತಪ್ಪನ್ನು ಹೊರಿಸುವುದು ನ್ಯಾಯವಲ್ಲ.

ಆದರೆ ಆ ವಾದ ಕೊನೆಯವರೆಗೂ ನಿಲ್ಲುವುದಿಲ್ಲ. ಹಸಿವಿನ ಮಾತ್ರೆಗಳ ಸಹವಾಸವಿಲ್ಲದೆ, ಬರಿಯ ಅರಿಸ್ಟೊಲೋಕಿಕ್ ಆಮ್ಲವನ್ನೇ ಪ್ರಾಣಿಗಳಿಗೆ ಕೊಟ್ಟಾಗಲೂ ಅದೇ ನಾರುಗಟ್ಟುವಿಕೆ ಕಂಡಿತು. 1999ರಲ್ಲಿ ಬ್ರಿಟನ್ನಿನಲ್ಲಿ ಇಸುಬಿಗೆ ಚೀನೀ ಮೂಲಿಕೆಯ ಚಿಕಿತ್ಸೆ ಪಡೆದ ಇಬ್ಬರಿಗೆ ಅದೇ ಕಾಯಿಲೆ ಬಂದದ್ದು ವರದಿಯಾಯಿತು. ಅಲ್ಲಿ ತೂಕ ಇಳಿಸುವ ಮಾತೇ ಇರಲಿಲ್ಲ. 'ಮು ತೊಂಗ್' ಎಂಬ ಮೂಲಿಕೆಯ ವಿಷಯದಲ್ಲೂ ಫಾಂಗ್ ಜೀಯಂಥದೇ ಗೊಂದಲವಿತ್ತು, ಆ ಹೆಸರಿನಲ್ಲಿ ಅಕೇಬಿಯಾ ಎಂಬ ನಿರಪಾಯಕಾರಿ ಬಳ್ಳಿಯೂ ಅರಿಸ್ಟೊಲೋಕಿಯಾ ಮಂಚೂರಿಯೆನ್ಸಿಸ್ ಎಂಬ ವಿಷದ ಬಳ್ಳಿಯೂ ಮಾರಾಟವಾಗುತ್ತಿದ್ದವು. ಚೀನೀ ವೈದ್ಯವನ್ನು ಅರ್ಹ ವೈದ್ಯರೇ, ಸರ್ಕಾರಿ ಆರೋಗ್ಯ ವಿಮೆಯಡಿಯಲ್ಲೇ ಬರೆದುಕೊಡುವ ತೈವಾನಿನಲ್ಲಿ 1997ರಿಂದ 2003ರ ನಡುವೆ ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗಕ್ಕೆ ಈ ಆಮ್ಲವಿರುವ ಮೂಲಿಕೆಗಳು ಹೋಗಿದ್ದವು. ಅಲ್ಲಿನ ಮೂತ್ರನಾಳದ ಕ್ಯಾನ್ಸರ್ ರೋಗಿಗಳ ಗಡ್ಡೆಗಳಲ್ಲಿ ಆ ವಿಶಿಷ್ಟ ಅಕ್ಷರದೋಷ ಸಿಕ್ಕಿದೆ. ತೈವಾನ್ 2003ರಲ್ಲಿ ಇವನ್ನು ನಿಷೇಧಿಸಿತು. ಚೀನಾ ಕೂಡ 2003 ಮತ್ತು 2004ರಲ್ಲಿ ಗುವಾನ್ ಮು ತೊಂಗ್ (ಅಂದರೆ ಅರಿಸ್ಟೊಲೋಕಿಯಾ ಮಂಚೂರಿಯೆನ್ಸಿಸ್) ಮತ್ತು ಗುವಾಂಗ್ ಫಾಂಗ್ ಜೀಗಳನ್ನು ಔಷಧ ಪಟ್ಟಿಯಿಂದ ತೆಗೆಯಿತು. ಅಂದರೆ ತಪ್ಪು ಬ್ರಸೆಲ್ಸ್‌ನ ಅವಿವೇಕಕ್ಕೆ ಸೀಮಿತವಾಗಿರಲಿಲ್ಲ, ಪದ್ಧತಿಗೆ ನಿಷ್ಠವಾಗಿ ಕೊಟ್ಟಲ್ಲೂ ಬೇರು ತನ್ನ ಕೆಲಸ ಮಾಡಿತ್ತು.

ಔಷಧದ ಹಂಗೇ ಇಲ್ಲದ ಉದಾಹರಣೆಯೂ ಇದೆ. ಬಲ್ಗೇರಿಯಾ, ರೊಮೇನಿಯಾ, ಸರ್ಬಿಯಾ, ಬೋಸ್ನಿಯಾ, ಕ್ರೊಯೇಷಿಯಾಗಳಲ್ಲಿ ಡಾನ್ಯೂಬ್ ನದಿಯ ಉಪನದಿಗಳ ದಂಡೆಯ ಕೆಲವು ಹಳ್ಳಿಗಳಲ್ಲಿ ಮಾತ್ರ ತಲೆಮಾರುಗಳಿಂದ ಒಂದು ಮೂತ್ರಪಿಂಡ ರೋಗ ಕಾಣಿಸಿಕೊಳ್ಳುತ್ತಿತ್ತು. ಅಲ್ಲಿ ಗೋಧಿ ಹೊಲದ ಕಳೆಯಾಗಿ ಬೆಳೆಯುವ ಅರಿಸ್ಟೊಲೋಕಿಯಾ ಕ್ಲೆಮಟೈಟಿಸ್ ಗಿಡದ ಬೀಜ ಗೋಧಿಯೊಂದಿಗೆ ಬೀಸಿ ಹಿಟ್ಟಾಗಿ ರೊಟ್ಟಿಯ ಮೂಲಕ ಹೊಟ್ಟೆಗೆ ಹೋಗುತ್ತಿತ್ತೆಂಬ ಅನುಮಾನಕ್ಕೆ 2007ರಲ್ಲಿ ರೋಗಿಗಳ ಅಂಗಾಂಶದಿಂದಲೇ ಪುರಾವೆ ದೊರೆಯಿತು. ಬ್ರಸೆಲ್ಸ್‌ನ ಮಹಿಳೆಯರ ಮೂತ್ರಪಿಂಡದ ನೋಟವೂ ಈ ರೈತರ ಮೂತ್ರಪಿಂಡದ ನೋಟವೂ ಬಹುಮಟ್ಟಿಗೆ ಒಂದೇ ಆಗಿದ್ದುದೇ ಈ ಹಳೆಯ ಒಗಟನ್ನು ಬಿಡಿಸಲು ನೆರವಾಯಿತು.

ನಮ್ಮ ಗ್ರಂಥಿಗೆ ಅಂಗಡಿಯ ಕಡೆಗೆ ನೋಡಿದರೆ

ಫಾಂಗ್ ಜೀಯ ಗೊಂದಲ ದೂರದ ದೇಶದ್ದೆಂದು ಕನ್ನಡ ಓದುಗರಿಗೆ ಅನ್ನಿಸಬೇಕಾಗಿಲ್ಲ. ನಮ್ಮಲ್ಲಿ 'ಬ್ರಾಹ್ಮಿ' ಎಂದು ಕೇಳಿದರೆ ಅನೇಕರು ತಂಬುಳಿಗೆ ಬಳಸುವ ಒಂದೆಲಗವನ್ನು ತೋರಿಸುತ್ತಾರೆ, ಇನ್ನು ಕೆಲವರು ಜೌಗಿನಲ್ಲಿ ಬೆಳೆಯುವ ನೀರುಬ್ರಾಹ್ಮಿಯನ್ನು ಕೊಡುತ್ತಾರೆ. ಎರಡೂ ಬೇರೆ ಕುಲದ ಗಿಡಗಳು. 'ಶಂಖಪುಷ್ಪಿ' ಎಂಬ ಹೆಸರು ಬೇಲಿಯ ಮೇಲಿನ ನೀಲಿ ಶಂಖಪುಷ್ಪದ ಬಳ್ಳಿಗೂ ಉತ್ತರ ಭಾರತದಲ್ಲಿ ನೆಲಕ್ಕೆ ಹರಡುವ ಬೇರೊಂದು ಗಿಡಕ್ಕೂ ಸಲ್ಲುತ್ತದೆ. ಇವುಗಳಿಂದ ದೊಡ್ಡ ಅನಾಹುತವಾಗದಿರುವುದು ನಮ್ಮ ಜಾಣತನದಿಂದಲ್ಲ, ಆ ಗಿಡಗಳ ಸಾಧುತನದಿಂದ.

ಅಮೃತಬಳ್ಳಿಯ ಸಂಗತಿ ಅಷ್ಟು ಹಗುರವಲ್ಲ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಯಕೃತ್ತು ಕೆಟ್ಟ ವಿವರ ಪ್ರಕಟಿಸಿದರು. ಆಗ ಆಯುಷ್ ಸಚಿವಾಲಯ, ನಿಜವಾದ ಅಮೃತಬಳ್ಳಿ ಸುರಕ್ಷಿತವೆಂದೂ ಅದೇ ಕುಲದ, ನೋಡಲು ಅದರಂತೆಯೇ ಇರುವ ಟಿನೊಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿಯೊಂದಿಗೆ ಗೊಂದಲವಾಗುವ ಸಾಧ್ಯತೆ ಇದೆಯೆಂದೂ ಎಚ್ಚರಿಸಿತು. ವೈದ್ಯರು ಆ ವಿವರಣೆಯನ್ನು ಪೂರ್ತಿ ಒಪ್ಪಲಿಲ್ಲ. ಆ ವಾದದ ತೀರ್ಪು ಇಲ್ಲಿ ಬೇಡ. ಬ್ರಸೆಲ್ಸ್‌ನ ಪ್ರಶ್ನೆಯೇ ಇಲ್ಲಿಯೂ ಎದ್ದಿತು ಎಂಬುದಷ್ಟೇ ನನ್ನ ಮಾತು. ಕಾಕತಾಳೀಯವೆಂಬಂತೆ, ಡಬ್ಬಿಯ ಮೇಲೆ ಹೆಸರಿದ್ದೂ ಒಳಗೆ ಇಲ್ಲದಿದ್ದ ಸ್ಟೆಫಾನಿಯಾ ನಮ್ಮ ಅಮೃತಬಳ್ಳಿಯ ಕುಟುಂಬಕ್ಕೇ ಸೇರಿದ ಬಳ್ಳಿ.

ಇನ್ನು ಅರಿಸ್ಟೊಲೋಕಿಯಾ ನಮ್ಮ ಕಾಡಿನಲ್ಲೂ ಇದೆ. ನಾಟಿ ವೈದ್ಯದಲ್ಲಿ ಹಾವಿನ ವಿಷಕ್ಕೆ, ಜ್ವರಕ್ಕೆ ಬಳಸುವ ಈಶ್ವರಿ ಬಳ್ಳಿ ಎಂಬುದು ಅರಿಸ್ಟೊಲೋಕಿಯಾ ಇಂಡಿಕಾ. ಅದರಲ್ಲೂ ಈ ಆಮ್ಲವಿದೆ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳು ಈ ಬಳ್ಳಿಯ ಎಲೆಯನ್ನು ತಿಂದು, ಅದರ ವಿಷವನ್ನು ಮೈಯಲ್ಲಿ ಇಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಹುಳುವಿಗೆ ರಕ್ಷೆಯಾದದ್ದು ನಮ್ಮ ಮೂತ್ರಪಿಂಡಕ್ಕೆ ಆಗಬೇಕೆಂದಿಲ್ಲ.

ಚಿಕಿತ್ಸೆಗೆ ಹೋಗುವವರು ಈ ಪ್ರಕರಣವನ್ನು ಓದಬೇಕಾದ ಬಗೆ

ಅಕ್ಯುಪಂಕ್ಚರ್ ಮತ್ತು ಚೀನೀ ಮೂಲಿಕೆ ಅನೇಕ ಕಡೆ ಒಂದೇ ಸೂರಿನಡಿ, ಒಬ್ಬರೇ ವೈದ್ಯರಿಂದ ಸಿಗುತ್ತವೆ. ರೋಗಿಗಳು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಇದರಿಂದಲೇ. ಅಪಾಯದ ದೃಷ್ಟಿಯಿಂದ ಅವು ಬೇರೆ ಬೇರೆ. ಸೂಜಿಯಿಂದ ತೊಂದರೆಯಾದರೆ, ಅಂದರೆ ರಕ್ತ ಕಂದಿದರೆ, ತಲೆಸುತ್ತು ಬಂದರೆ, ಅಪರೂಪಕ್ಕೆ ಎದೆಯ ಭಾಗದಲ್ಲಿ ಆಳಕ್ಕೆ ಇಳಿದು ಶ್ವಾಸಕೋಶಕ್ಕೆ ತಾಗಿದರೆ, ಅದು ಆ ದಿನವೋ ಮರುದಿನವೋ ಗೊತ್ತಾಗುತ್ತದೆ. ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆದರೆ ಸೋಂಕಿನ ಭಯವೂ ಬಹುಪಾಲು ತಗ್ಗುತ್ತದೆ. ಮೂಲಿಕೆಯ ತೊಂದರೆ ಬ್ರಸೆಲ್ಸ್‌ನಲ್ಲಿ ಆದಂತೆ ಸದ್ದಿಲ್ಲದೆ ನಡೆಯುತ್ತದೆ. ಆದ್ದರಿಂದ ಸೂಜಿಗೆ ಒಪ್ಪಿಗೆ ಕೊಟ್ಟ ಮಾತ್ರಕ್ಕೆ ಕೌಂಟರಿನಲ್ಲಿ ಕೈಗಿಡುವ ಪುಡಿಗೂ ಒಪ್ಪಿಗೆ ಕೊಟ್ಟಂತಾಗಬಾರದು.

ಆ ಪುಡಿಯ ಬಗ್ಗೆ ಕೇಳಬೇಕಾದದ್ದು, ಇದು ನೈಸರ್ಗಿಕವೇ ಎಂಬ ಪ್ರಶ್ನೆಯಲ್ಲ. ಅರಿಸ್ಟೊಲೋಕಿಯಾಕ್ಕಿಂತ ನೈಸರ್ಗಿಕವಾದದ್ದು ಯಾವುದಿದೆ? ಗಿಡದ ಸಸ್ಯಶಾಸ್ತ್ರೀಯ ಹೆಸರನ್ನು ಬರೆದುಕೊಡುವಂತೆ ಕೇಳಬೇಕು, ಪುಡಿಯಾಗುವ ಮೊದಲು ಅದನ್ನು ಗುರುತಿಸಿದವರು ಯಾರು, ಈ ಬ್ಯಾಚಿನ ಸರಕಿಗೆ ಪ್ರಯೋಗಾಲಯದ ವರದಿ ಇದೆಯೇ ಎಂದು ಕೇಳಬೇಕು. 'ಫಾಂಗ್ ಜೀ', 'ಮು ತೊಂಗ್' ಎಂದು ಬರಿಯ ಚೀನೀ ಹೆಸರು ಹೇಳಿ ಸುಮ್ಮನಾಗುವವರಲ್ಲಿ ಇನ್ನಷ್ಟು ವಿಚಾರಿಸಬೇಕು. ಒಳಗೆ ಏನಿದೆ ಎಂದು ಹೇಳಲೊಪ್ಪದ, ಗುಟ್ಟಿನ ಸೂತ್ರವೆನ್ನುವ ಗುಳಿಗೆಯನ್ನು, ಕೊಡುವವರು ಎಷ್ಟೇ ಗೌರವಸ್ಥರಾಗಿರಲಿ, ನಾನಾದರೆ ತೆಗೆದುಕೊಳ್ಳುವುದಿಲ್ಲ. ಎಷ್ಟು ದಿನ ಎಂಬುದು ಇನ್ನೊಂದು ಮುಖ್ಯ ಪ್ರಶ್ನೆ. ಕೊನೆಯ ದಿನಾಂಕವಿಲ್ಲದ ಔಷಧವೇ ಬ್ರಸೆಲ್ಸ್‌ನಲ್ಲಿ ಸಂಚಿತವಾಗಿ ಆ 200 ಗ್ರಾಂ ಮುಟ್ಟಿದ್ದು. ವಾರಗಳ ಮಟ್ಟಿಗಿಂತ ಹೆಚ್ಚು ಸೇವಿಸಬೇಕೆಂದಾದರೆ ಶುರುಮಾಡುವ ಮೊದಲೊಮ್ಮೆ, ನಡುವೆ ಮತ್ತೊಮ್ಮೆ ಕ್ರಿಯಾಟಿನಿನ್ ಮತ್ತು ಯಕೃತ್ತಿನ ಪರೀಕ್ಷೆ ಮಾಡಿಸಿ, ನಿಮ್ಮ ಮಾಮೂಲಿ ಡಾಕ್ಟರಿಗೆ ಔಷಧದ ಡಬ್ಬಿಯನ್ನೇ ತೋರಿಸುವುದು ಕ್ಷೇಮ. ಗರ್ಭಿಣಿಯರು, ಮೊದಲೇ ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರು ಹೀಗೆ ತೋರಿಸದೆ ಯಾವ ಮೂಲಿಕೆಯನ್ನೂ ಶುರುಮಾಡಬಾರದು.

ಬ್ರಸೆಲ್ಸ್‌ನ ಮಹಿಳೆಯರಲ್ಲಿ ಹಲವರು ಕಸಿಯಾದ ಮೂತ್ರಪಿಂಡದೊಂದಿಗೆ ಬದುಕನ್ನು ಮುಂದುವರಿಸಿದರು. ಮೂತ್ರಪಿಂಡ, ಮೂತ್ರನಾಳಗಳನ್ನು ತೆಗೆಸಿಕೊಂಡ ಮೇಲೂ ಅವರ ಮೂತ್ರಕೋಶ ಉಳಿದಿತ್ತು, ಗುಳಿಗೆ ಬಿಟ್ಟು ವರ್ಷಗಳು ಕಳೆದ ನಂತರ ಅಲ್ಲಿಯೂ ಗಡ್ಡೆಗಳು ಕಾಣಿಸತೊಡಗಿದವು. ಆ ಕಾರಣಕ್ಕೆ ಅವರ ಮೂತ್ರಕೋಶದೊಳಗೆ ದರ್ಶಕ ಇಳಿಸಿ ನೋಡುವ ಪರೀಕ್ಷೆಯನ್ನು ನಿಯಮಿತವಾಗಿ, ಬದುಕಿರುವವರೆಗೂ ಮಾಡಬೇಕೆಂದು ವೈದ್ಯರು ತೀರ್ಮಾನಿಸಿದರು.